ಫೊರೆನ್ಸಿಕ್, ಕ್ರಿಮಿನಾಲಜಿ ಡಿಗ್ರಿಗೆ ಫೀಸ್ ಕಟ್ಟೋ ಮುಂಚೆ ಇದನ್ನ ಓದಿ

ಸೆಕೆಂಡ್ ಪಿಯುಸಿ ರಿಸಲ್ಟ್ ಬಂದಿದ್ದೇ ತಡ, ಸೈನ್ಸ್ ತಗೊಂಡು ಸಿಇಟಿ ರ‍್ಯಾಂಕ್ ಚೆನ್ನಾಗಿ ಬರದ ಮಕ್ಕಳ ಮನೆಗೆ ಫೋನ್ ಶುರುವಾಗುತ್ತೆ. "ಬಿಎಸ್ಸಿ ಫೊರೆನ್ಸಿಕ್ ಸೈನ್ಸ್ ಅಂಡ್ ಕ್ರಿಮಿನಾಲಜಿ ಇದೆ ಸರ್, ಮೂರು ವರ್ಷ ಮುಗಿಸಿದ್ರೆ ಸಿಐಡಿ, ಸಿಬಿಐ, ಎಫ್ಎಸ್ಎಲ್ ಎಲ್ಲಾ ಕಡೆ ಕೆಲಸ, ಸೀಟು ಮುಗೀತಾ ಬಂತು, ಇವತ್ತೇ ಅಡ್ವಾನ್ಸ್ ಕಟ್ಟಿಬಿಡಿ" ಅಂತ. (ಫೊರೆನ್ಸಿಕ್ ಅಂದ್ರೆ ಅಪರಾಧದ ಸಾಕ್ಷ್ಯನ ವಿಜ್ಞಾನದ ಮೂಲಕ ಪರೀಕ್ಷೆ ಮಾಡೋದು, ಕ್ರಿಮಿನಾಲಜಿ ಅಂದ್ರೆ ಅಪರಾಧದ ಬಗ್ಗೆ ಓದೋದು, ಎಫ್ಎಸ್ಎಲ್ ಅಂದ್ರೆ ಸರ್ಕಾರಿ ಫೊರೆನ್ಸಿಕ್ ಲ್ಯಾಬ್.) ನಮ್ಮನೆಗೂ ಇದೇ ಫೋನ್ ಬಂದಿತ್ತು. ಅಪ್ಪ ಹೊಸದುರ್ಗದ ಹತ್ರ ತೆಂಗು, ರಾಗಿ ಬೆಳೆಯೋರು, ಅಮ್ಮನ ಸರ ಸೊಸೈಟಿಲಿ ಅಡ ಇಟ್ಟು ಮೊದಲ ವರ್ಷದ ಫೀಸ್ ಕಟ್ಟಿದ್ರು. ಕಾಲೇಜ್ ಹೆಸರು ಇಲ್ಲಿ ಬರೆಯಲ್ಲ, ದೂರು ಇನ್ನೂ ನಡೀತಿದೆ, ಮತ್ತೆ ಇದು ಒಂದೇ ಕಾಲೇಜಿನ ಕತೆನೂ ಅಲ್ಲ.

ಅಡ್ಮಿಶನ್ ದಿನ ನಮಗೊಂದು ಲ್ಯಾಬ್ ತೋರಿಸಿದ್ರು. ನೆಲದ ಮೇಲೆ ಬೊಂಬೆ ಮಲಗಿಸಿ, ಸುತ್ತ ಹಳದಿ ಟೇಪ್ ಕಟ್ಟಿ, ಕೆಂಪು ಬಣ್ಣ ಚೆಲ್ಲಿ, ಪಕ್ಕದಲ್ಲಿ ನಂಬರ್ ಹಾಕಿದ ಪ್ಲಾಸ್ಟಿಕ್ ಗುರುತು ಜೋಡಿಸಿದ್ರು, ಅಪ್ಪ ಊರಲ್ಲಿ ತೋರ್ಸೋಕೆ ಅಂತ ಫೋಟೋ ತಕ್ಕೊಂಡ್ರು. ಕ್ಲಾಸ್ ಶುರುವಾದ್ಮೇಲೆ ಆ ರೂಮಿಗೆ ಬೀಗ, ಮತ್ತೆ ತೆಗೆದಿದ್ದು ಮುಂದಿನ ವರ್ಷದ ಅಡ್ಮಿಶನ್ ಟೈಮಿಗೆ. ಪ್ರಾಕ್ಟಿಕಲ್ ಅಂದ್ರೆ ಸ್ಟಾಂಪ್ ಪ್ಯಾಡಲ್ಲಿ ಹೆಬ್ಬೆಟ್ಟು ಒತ್ತಿ ಎ4 ಶೀಟಲ್ಲಿ ಗೆರೆಗಳ ಬಗೆ ನೋಡಿ ಲೂಪ್, ವರ್ಲ್, ಆರ್ಚ್ ಅಂತ ಬರೆಯೋದು, ಸೀನಿಯರ್ಸ್ ರೆಕಾರ್ಡ್ ನೋಡ್ಕೊಂಡು ನಮ್ಮ ರೆಕಾರ್ಡ್ ತುಂಬಿಸೋದು. ಫಿಂಗರ್‌ಪ್ರಿಂಟ್ ಎತ್ತೋ ಕಪ್ಪು ಪೌಡರ್ ಡಬ್ಬಿ ಇಡೀ ಬ್ಯಾಚಿಗೆ ಒಂದು, ಬ್ರಶ್ ಕೂದಲೆಲ್ಲ ಉದುರಿ ಬೋಳಾಗಿತ್ತು, ಅದ್ರಲ್ಲೇ ಗಾಜಿನ ಲೋಟದ ಮೇಲೆ ಉಜ್ಜಿ ಉಜ್ಜಿ ಇದ್ದ ಗುರುತೂ ಅಳಿಸಿ ಹೋಗ್ತಿತ್ತು. ಎರಡು ಬುಲೆಟ್ ಅಕ್ಕಪಕ್ಕ ಇಟ್ಟು ಗೆರೆ ಹೊಂದಿಸಿ ನೋಡೋ ಕಂಪ್ಯಾರಿಸನ್ ಮೈಕ್ರೋಸ್ಕೋಪ್ ಇಲ್ದೆ ಬ್ಯಾಲಿಸ್ಟಿಕ್ಸ್ (ಬಂದೂಕು, ಗುಂಡಿನ ಪರೀಕ್ಷೆ) ಕಲಿಸೋಕೇ ಆಗಲ್ಲ, ನಾವು ಅದನ್ನ ಪಿಪಿಟಿಲಿ ಮಾತ್ರ ನೋಡಿದ್ದು. ಮಡಿವಾಳದ ಎಫ್ಎಸ್ಎಲ್‌ನಲ್ಲಿ ಇಂಟರ್ನ್‌ಶಿಪ್ ಕೊಡಿಸ್ತೀವಿ ಅಂದಿದ್ರು, ಕೊನೆಗೆ ಯಾವುದೋ ಡಿಟೆಕ್ಟಿವ್ ಏಜೆನ್ಸಿಗೆ ದುಡ್ಡು ಕಟ್ಟಿಸಿ ಸರ್ಟಿಫಿಕೇಟ್ ಕೈಗಿಟ್ರು.

ಲ್ಯಾಬ್ ವಿಷಯ ಹೇಗೋ ತಡ್ಕೋಬಹುದು. ಮಾರ್ಕ್ಸ್ ಕಾರ್ಡಿಂದ ಬಿದ್ದ ಏಟು ಇವತ್ತಿಗೂ ಹೋಗಿಲ್ಲ, ದಯವಿಟ್ಟು ಇದನ್ನ ಗಮನ ಇಟ್ಟು ಓದಿ. ಡಿಗ್ರಿ ಆದ್ಮೇಲೆ ಹಠ ಹಿಡಿದು ಬೇರೆ ಕಡೆ ಎಂಎಸ್ಸಿ ಫೊರೆನ್ಸಿಕ್ ಮಾಡಿದೆ, ಅಲ್ಲಿ ಒಳ್ಳೆ ಮೇಷ್ಟ್ರು ಸಿಕ್ಕಿದ್ರು. ಆಮೇಲೆ ಕೇಂದ್ರ ಸರ್ಕಾರದ ಫೊರೆನ್ಸಿಕ್ ಲ್ಯಾಬ್‌ಗಳಿಗೆ ಯುಪಿಎಸ್‌ಸಿ ಕರೆಯೋ ಸೈಂಟಿಫಿಕ್ ಆಫೀಸರ್ ಪೋಸ್ಟಿನ ನೋಟಿಫಿಕೇಶನ್ ತೆಗೆದು ನೋಡಿದೆ. ಕೆಮಿಸ್ಟ್ರಿ ವಿಭಾಗದ ಪೋಸ್ಟಿಗೆ ಎಂಎಸ್ಸಿ ಕೆಮಿಸ್ಟ್ರಿ ಆದ್ರೂ ಆಗುತ್ತೆ, ಎಂಎಸ್ಸಿ ಫೊರೆನ್ಸಿಕ್ ಆದ್ರೂ ಆಗುತ್ತೆ, ಆದ್ರೆ ಫೊರೆನ್ಸಿಕ್ ಮಾಡಿದೋರು ಬಿಎಸ್ಸಿಲಿ ಮೂರೂ ವರ್ಷ ಕೆಮಿಸ್ಟ್ರಿನ ಒಂದು ವಿಷಯವಾಗಿ ಓದಿರಬೇಕು ಅಂತ ಇದೆ. ಅದರ ಮೇಲೆ ಅನುಭವನೂ ಕೇಳ್ತಾರೆ. ನನ್ನ ಮಾರ್ಕ್ಸ್ ಕಾರ್ಡಲ್ಲಿ ಇರೋದು "ಫೊರೆನ್ಸಿಕ್ ಕೆಮಿಸ್ಟ್ರಿ" ಅನ್ನೋ ಒಂದೇ ಪೇಪರ್, ಅದೂ ಒಂದೇ ಸೆಮಿಸ್ಟರ್. ಉಳಿದಿದ್ದೆಲ್ಲಾ ಇಂಟ್ರೊಡಕ್ಷನ್ ಟು ಇದು, ಇಂಟ್ರೊಡಕ್ಷನ್ ಟು ಅದು. ಎಂಎಸ್ಸಿ ಎಷ್ಟು ಚೆನ್ನಾಗಿ ಮಾಡಿದ್ರೂ ಆ ಮೂರು ವರ್ಷ ವಾಪಸ್ ಬರಲ್ಲ. ಕಾಲೇಜಿಗೆ ಹೋಗಿ ಕೇಳಿದ್ರೆ "ಅದೂ ಕೆಮಿಸ್ಟ್ರಿನೇ ಅಲ್ವೇನಮ್ಮ, ಯಾಕೆ ತಲೆ ಕೆಡಿಸ್ಕೋತೀಯ" ಅಂದು ಕಳಿಸಿದ್ರು.

ಇದು ಅವರಿಗೆ ಗೊತ್ತಿಲ್ದೆ ಆಗಿದ್ದಲ್ಲ. ಕೆಮಿಸ್ಟ್ರಿ ಮೂರು ವರ್ಷ ಕಲಿಸಬೇಕು ಅಂದ್ರೆ ಲ್ಯಾಬ್ ಬೇಕು, ಕೆಮಿಕಲ್ಸ್ ಬೇಕು, ಸಂಬಳ ಕೊಟ್ಟು ಲೆಕ್ಚರರ್ ಇಡಬೇಕು, ಅದನ್ನೆಲ್ಲ ಉಳಿಸೋಕೆ ಸಿಲಬಸ್‌ನ ಹಾಗೆ ಮಾಡಿರ್ತಾರೆ.

ಇನ್ನು ಸಿಐಡಿ ಕತೆ. ಸಿಐಡಿಗೆ ಕಾಲೇಜಿಂದ ನೇರ ಯಾರನ್ನೂ ತಗೊಳಲ್ಲ, ಪೊಲೀಸ್ ಇಲಾಖೆಲಿ ಇರೋರನ್ನೇ ಅಲ್ಲಿಗೆ ಹಾಕ್ತಾರೆ. ಸಿವಿಲ್ ಪಿಎಸ್ಐಗೆ ಯಾವ ಡಿಗ್ರಿ ಆದ್ರೂ ಸಾಕು, ಸಿಬಿಐ ಸಬ್ ಇನ್ಸ್‌ಪೆಕ್ಟರ್‌ಗೆ ಎಸ್ಎಸ್‌ಸಿ ಸಿಜಿಎಲ್ ಅನ್ನೋ ಕೇಂದ್ರ ಸರ್ಕಾರದ ನೇಮಕಾತಿ ಪರೀಕ್ಷೆ ಬರೀಬೇಕು, ಅದಕ್ಕೂ ಯಾವ ಡಿಗ್ರಿ ಆದ್ರೂ ನಡೆಯುತ್ತೆ, ಅಂದ್ರೆ ಊರಿನ ಸರ್ಕಾರಿ ಕಾಲೇಜಲ್ಲಿ ಬಿಎ ಓದಿದ ಹುಡುಗಿಗೂ ಲಕ್ಷಗಟ್ಟಲೆ ಕಟ್ಟಿದ ನನಗೂ ಅಲ್ಲಿ ಒಂದೇ ಸಾಲು. ಮತ್ತೆ ಆ ಸಾಲಲ್ಲಿ ಎಷ್ಟು ಕಾಯಬೇಕಾಗುತ್ತೆ ಅಂತ 545 ಪಿಎಸ್ಐ ಹುದ್ದೆಗೆ ಬರೆದೋರನ್ನ ಕೇಳಿ, 2021ರ ಅಕ್ಟೋಬರಲ್ಲಿ ಪರೀಕ್ಷೆ ಆಗಿ, ಹಗರಣ ಹೊರಗೆ ಬಂದು, ಮರುಪರೀಕ್ಷೆ ಆಗಿದ್ದು 2024ರ ಜನವರಿಲಿ. ಕಾಲೇಜಿನ ಬ್ರೋಶರಲ್ಲಿ ಇದು ಯಾವುದೂ ಇರಲ್ಲ.

ಈಗ ಏಜೆಂಟರ ಹೊಸ ಮಾತು ಏನಂದ್ರೆ ಹೊಸ ಕಾನೂನು ಬಂದಿದೆ, ಫೊರೆನ್ಸಿಕ್‌ನೋರಿಗೆ ಕೆಲಸವೋ ಕೆಲಸ ಅಂತ. ಕಾನೂನು ಬಂದಿರೋದು ನಿಜ, 2024ರ ಜುಲೈ 1ರಿಂದ ಜಾರಿಲಿರೋ ಬಿಎನ್ಎಸ್ಎಸ್‌ನ (ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ಕಾನೂನು) 176(3)ನೇ ಸೆಕ್ಷನ್ ಪ್ರಕಾರ ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರೋ ಅಪರಾಧ ಆದ್ರೆ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಲೇಬೇಕು. ಆದ್ರೆ ಇದನ್ನ ಜಾರಿ ಮಾಡೋಕೆ ರಾಜ್ಯಗಳಿಗೆ ಐದು ವರ್ಷದ ಟೈಮ್ ಕೊಟ್ಟಿದಾರೆ, ಹುದ್ದೆ ಎಷ್ಟು, ಯಾವಾಗ ಅನ್ನೋದು ಸರ್ಕಾರದ ಕೈಲಿರೋದು, ಕಾಲೇಜಿನ ಕೈಲಲ್ಲ. ಪ್ರೈವೇಟ್ ಲ್ಯಾಬ್ ಮಾಡ್ಕೊಂಡು ಎಕ್ಸ್‌ಪರ್ಟ್ ಆಗಬಹುದು ಅಂತಾನೂ ಹೇಳ್ತಾರೆ. ಅದೇ ಕಾನೂನಿನ 329ನೇ ಸೆಕ್ಷನ್ನಲ್ಲಿ ವರದಿನ ನೇರ ಸಾಕ್ಷ್ಯವಾಗಿ ತಗೊಳೋ ಸೌಲಭ್ಯ ಇರೋದು ಸರ್ಕಾರಿ ತಜ್ಞರಿಗೆ, ಇಲ್ಲಾ ಸರ್ಕಾರ ನೋಟಿಫೈ ಮಾಡಿದ ತಜ್ಞರಿಗೆ. ಉಳಿದ ಪ್ರೈವೇಟಿನೋರು ಕೋರ್ಟಿಗೆ ಬಂದು ತಮ್ಮ ಓದು, ಅನುಭವ ಎಲ್ಲ ಸಾಬೀತು ಮಾಡ್ಕೊಂಡು ಕ್ರಾಸ್ (ಪಾಟಿ ಸವಾಲು) ಎದುರಿಸಬೇಕು. ಬರೀ ಬಿಎಸ್ಸಿ ಇಟ್ಕೊಂಡು ಅಲ್ಲಿ ನಿಂತ್ರೆ ಎದುರಿನ ವಕೀಲರು ಬಿಡ್ತಾರಾ?

ಪ್ರೈವೇಟ್ ಕೆಲಸ ಇಲ್ಲ ಅಂತ ಹೇಳ್ತಿಲ್ಲ. ನಾನೇ ಈಗ ಬೆಂಗಳೂರಲ್ಲಿ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಕಂಪನಿಲಿ ಇದೀನಿ, ಅಂದ್ರೆ ಕೆಲಸಕ್ಕೆ ಸೇರೋರ ಡಿಗ್ರಿ, ಹಿನ್ನೆಲೆ ನಿಜನಾ ಅಂತ ಚೆಕ್ ಮಾಡೋದು. ಬ್ಯಾಂಕಿನ ಫ್ರಾಡ್ ಡೆಸ್ಕ್ ಇದೆ, ಸೈಬರ್ ಕಡೆ ಇದೆ, ದೊಡ್ಡ ಆಡಿಟ್ ಕಂಪನಿಗಳಲ್ಲಿ ಫೊರೆನ್ಸಿಕ್ ವಿಭಾಗ ಅಂತಾನೇ ಇದೆ. ಆದ್ರೆ ಆಡಿಟ್ ಕಂಪನಿ ಫೊರೆನ್ಸಿಕ್ ಅಂದ್ರೆ ಲೆಕ್ಕದ ಪುಸ್ತಕ ಜಾಲಾಡೋದು, ಅಲ್ಲಿ ಸಿಎ ಮಾಡಿದೋರನ್ನ, ಲಾ ಓದಿದೋರನ್ನ ಹುಡುಕ್ತಾರೆ. ನನ್ನ ಪಕ್ಕದ ಸೀಟಲ್ಲಿ ಬಿಕಾಂ ಮಾಡಿದೋಳು ಕೂತಿದಾಳೆ, ಸಂಬಳ ಇಬ್ಬರಿಗೂ ಒಂದೇ.

ಈ ಕೆಲಸದಲ್ಲಿ ದಿನಾ ಕಣ್ಣಿಗೆ ಬೀಳೋ ಇನ್ನೊಂದು ವಿಷಯ ಹೇಳಲೇಬೇಕು. ಕ್ಲಾಸ್ ಬೆಂಗಳೂರಲ್ಲೋ ತುಮಕೂರಲ್ಲೋ ನಡೆಯುತ್ತೆ, ಡಿಗ್ರಿ ಮಾತ್ರ ಎಲ್ಲೋ ದೂರದ ರಾಜ್ಯದ ಪ್ರೈವೇಟ್ ಯುನಿವರ್ಸಿಟಿದು. ಒಂದು ರಾಜ್ಯದ ಕಾನೂನಿಂದ ಹುಟ್ಟಿದ ಯುನಿವರ್ಸಿಟಿ ಆ ರಾಜ್ಯದ ಗಡಿ ದಾಟಿ ಸ್ಟಡಿ ಸೆಂಟರ್ ತೆಗೆಯೋ ಹಾಗಿಲ್ಲ, 2005ರ ಯಶ್‌ಪಾಲ್ ಕೇಸಿನ ಸುಪ್ರೀಂ ಕೋರ್ಟ್ ತೀರ್ಪು ಇಟ್ಕೊಂಡೇ ಯುಜಿಸಿ (ಯುನಿವರ್ಸಿಟಿಗಳ ಮೇಲೆ ನಿಗಾ ಇಡೋ ಕೇಂದ್ರದ ಆಯೋಗ) ಇದನ್ನ ನೋಟಿಸ್ ಹಾಕಿ ಹೇಳಿದೆ. ಇಂಥ ಡಿಗ್ರಿ ವೆರಿಫೈ ಮಾಡೋಕೆ ನಾವು ಮೇಲ್ ಮೇಲೆ ಮೇಲ್ ಹಾಕ್ತೀವಿ, ಉತ್ತರ ಬರಲ್ಲ, ಅಷ್ಟರಲ್ಲಿ ಆ ಹುಡುಗನ ಆಫರ್ ಕೈ ತಪ್ಪಿರುತ್ತೆ, ಫೋನ್ ಮಾಡಿ "ಅಕ್ಕಾ, ಏನಾದ್ರೂ ಮಾಡಿ" ಅಂತ ಅಳ್ತಾರೆ, ನಮ್ಮ ಕೈಲಿ ಏನೂ ಇರಲ್ಲ.

ಈ ವಿಷಯದ ಮೇಲೆ ನಿಜವಾಗ್ಲೂ ಆಸೆ ಇರೋ ಮಕ್ಕಳು ಓದಲಿ, ನನಗೂ ಇದು ಇಷ್ಟದ ವಿಷಯನೇ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ವಿಭಾಗ ಇದೆ, ಮೈಸೂರಿನ ಮಹಾರಾಜ ಕಾಲೇಜಲ್ಲಿ ಇದೆ, ಮಂಗಳೂರಿನ ರೋಶನಿ ನಿಲಯದಲ್ಲಿ ಇದೆ, ಕೇಂದ್ರದ ರಾಷ್ಟ್ರೀಯ ಫೊರೆನ್ಸಿಕ್ ವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಧಾರವಾಡಕ್ಕೇ ಬಂದಿದೆ. ಎಲ್ಲೇ ಸೇರಿದ್ರೂ ಆರೂ ಸೆಮಿಸ್ಟರಿನ ಸಿಲಬಸ್ ಕೈಗೆ ಇಸ್ಕೊಳ್ಳಿ, ಕೆಮಿಸ್ಟ್ರಿನೋ ಬಯಾಲಜಿನೋ ಫಿಸಿಕ್ಸೋ ಮೂರೂ ವರ್ಷ ವಿಷಯವಾಗಿ ಇದೆಯಾ ಅಂತ ಹಳೇ ನೋಟಿಫಿಕೇಶನ್ ಪಕ್ಕದಲ್ಲಿಟ್ಟು ನೋಡಿ. ಡೌಟ್ ಇದ್ರೆ ಮಾಮೂಲಿ ಬಿಎಸ್ಸಿ ಕೆಮಿಸ್ಟ್ರಿ ಮಾಡಿ ಎಂಎಸ್ಸಿಗೆ ಫೊರೆನ್ಸಿಕ್‌ಗೆ ಬನ್ನಿ, ಆಗ ಎರಡೂ ಬಾಗಿಲು ತೆರೆದಿರುತ್ತೆ.

ಈಗಾಗಲೇ ದುಡ್ಡು ಕಟ್ಟಿರೋರು ಗಾಬರಿ ಆಗ್ಬೇಡಿ, ಆದ್ರೆ ತಡ ಮಾಡ್ಬೇಡಿ. ಯುಜಿಸಿ 2018ರಲ್ಲಿ ಹೊರಡಿಸಿದ ನಿಯಮದಲ್ಲಿ ಅಡ್ಮಿಶನ್ನಿನ ಕೊನೆ ದಿನಾಂಕಕ್ಕೆ ಹದಿನೈದು ದಿನ ಮುಂಚೆನೇ ಬಿಟ್ರೆ ಪೂರ್ತಿ ಫೀಸ್ ವಾಪಸ್, ಹಿಡ್ಕೊಂಡ್ರೆ ಪ್ರೊಸೆಸಿಂಗ್ ಅಂತ ಹೆಚ್ಚಂದ್ರೆ 5000 ರೂಪಾಯಿ, ಆಮೇಲೆ ದಿನ ಕಳೆದ ಹಾಗೆ ಕಮ್ಮಿ ಆಗ್ತಾ ಹೋಗಿ ಕೊನೆ ದಿನಾಂಕ ದಾಟಿ ಮೂವತ್ತು ದಿನ ಆದ್ಮೇಲೆ ಏನೂ ಸಿಗಲ್ಲ. ಒರಿಜಿನಲ್ ಮಾರ್ಕ್ಸ್ ಕಾರ್ಡ್, ಟಿಸಿ ಕಾಲೇಜಿನೋರು ಇಟ್ಕೊಳೋ ಹಾಗಿಲ್ಲ, ನೋಡಿ ವಾಪಸ್ ಕೊಡಬೇಕು ಅಂತ ಅದ್ರಲ್ಲೇ ಇದೆ. ಕೊಡಲ್ಲ ಅಂದ್ರೆ ಬಾಯಿಮಾತಲ್ಲಿ ಜಗಳ ಆಡ್ಬೇಡಿ, ಬರವಣಿಗೆಲಿ ಅರ್ಜಿ ಕೊಟ್ಟು ಸೀಲ್ ಹಾಕಿಸ್ಕೊಂಡು, ಆ ಕಾಪಿ ಜೊತೆ ಯುಜಿಸಿಯ ಇ-ಸಮಾಧಾನ್ ಪೋರ್ಟಲಲ್ಲಿ ದೂರು ಹಾಕಿ.