ನೊಜಾವಾ ಓನ್ಸೆನ್: ಹಿಮ ಕಾಣದ ಕರಾವಳಿಯವರಿಗೆ ಒಂದು ಸ್ಕೀ ಊರು

ಕಾಸರಗೋಡಿನ ಮಳೆ ಗೊತ್ತಿದ್ದವರಿಗೆ ನೊಜಾವಾ ಓನ್ಸೆನ್‌ನ ಹಿಮದ ಲೆಕ್ಕ ಬೇಗ ಹಿಡಿಯುತ್ತದೆ. ಅರಬ್ಬಿ ಸಮುದ್ರದ ನೀರಾವಿ ಹೊತ್ತ ಗಾಳಿ ಘಟ್ಟಕ್ಕೆ ಬಡಿದು ಮಳೆಯಾಗುವಂತೆ, ಸೈಬೀರಿಯಾದ ಶೀತಗಾಳಿ ಜಪಾನ್ ಸಮುದ್ರದ ತೇವ ಹೀರಿಕೊಂಡು ಬಂದು ಜಪಾನಿನ ನಾಗಾನೊ ಪ್ರಾಂತದ ಉತ್ತರದಲ್ಲಿ, ಈ ಊರಿರುವ ಬೆಟ್ಟಗಳಲ್ಲಿ ಹಿಮವಾಗಿ ಸುರಿಯುತ್ತದೆ. ನಮ್ಮ ಆಟಿ ತಿಂಗಳ ಹಾಗೆ ಅಲ್ಲಿ ಜನವರಿ, ಫೆಬ್ರವರಿಯಲ್ಲಿ ಬಿಸಿಲು ಅಪರೂಪ. ಹಿಟ್ಟಿನಂಥ ಹಿಮ ಬೇಕಿದ್ದರೆ ಆಗಲೇ ಹೋಗಬೇಕು. ನೀಲಿ ಆಕಾಶದ ಫೋಟೋ ಮುಖ್ಯವಾದರೆ ಮಾರ್ಚ್ ಒಳ್ಳೆಯದು.

ಬೆಂಗಳೂರಿನಿಂದ ಟೋಕಿಯೋ ಬಳಿಯ ನರಿತಾ ವಿಮಾನ ನಿಲ್ದಾಣಕ್ಕೆ ನೇರ ವಿಮಾನವಿದೆ. ನರಿತಾದಿಂದ ಸ್ಕೈಲೈನರ್ ರೈಲಿನಲ್ಲಿ ಟೋಕಿಯೋದ ಉಯೆನೊ, ಅಲ್ಲಿಂದ ಹೊಕುರಿಕು ಶಿಂಕಾನ್ಸೆನ್ ಎಂಬ ಅತಿವೇಗದ ರೈಲುಮಾರ್ಗದಲ್ಲಿ ಈಯಾಮಾ. ಇಲ್ಲಿ ಎಡವುವವರು ಬಹಳ: ಆ ಮಾರ್ಗದ ವೇಗದ ಕಗಾಯಾಕಿ ರೈಲು ಈಯಾಮಾದಲ್ಲಿ ನಿಲ್ಲುವುದಿಲ್ಲ, ಹಕುತಾಕಾ ರೈಲನ್ನೇ ಹತ್ತಬೇಕು. ಸುಮಾರು ಒಂದೂಮುಕ್ಕಾಲು ಗಂಟೆಯ ದಾರಿ. ನಿಲ್ದಾಣದ ಹೊರಗೆ ನೊಜಾವಾ ಓನ್ಸೆನ್ ಲೈನರ್ ಬಸ್ ಸಿಗುತ್ತದೆ, 25 ನಿಮಿಷದಲ್ಲಿ ಊರು.

ಸ್ಕೀ ಬೆಟ್ಟ 565 ಮೀಟರ್‌ನಿಂದ 1650 ಮೀಟರ್‌ವರೆಗೆ ಏರುತ್ತದೆ. ಮೊದಲ ದಿನವೇ ಗೊಂಡೊಲಾ (ತಂತಿಯ ಮೇಲೆ ಸಾಗುವ ಪೆಟ್ಟಿಗೆ) ಹತ್ತಿ ತುದಿಯ ಯಾಮಾಬಿಕೊಗೆ ಹೋಗುವ ಆಸೆ ಬೇಡ. ಊರಿನಿಂದ ಚಲಿಸುವ ಕಾಲುದಾರಿಯಲ್ಲಿ ಬೆಟ್ಟದ ಬುಡದ ಹಿಕಾಗೆಗೆ ಬಂದು, ಬೆಳಗ್ಗಿನ ಎರಡು ಗಂಟೆಯನ್ನಾದರೂ ತರಬೇತುದಾರರ ಜೊತೆ ಕಳೆಯಿರಿ. ನಿಲ್ಲುವುದು, ಬಿದ್ದ ಮೇಲೆ ಏಳುವುದು, ಇವೆರಡು ಬಂದರೆ ಸಾಕು. ಆಮೇಲೆ ಅಗಲವಾದ, ಇಳಿಜಾರು ಕಡಿಮೆಯ ಉಯೆನೊತೈರಾ ಚೆನ್ನಾಗಿರುತ್ತದೆ. ಸ್ಕೈಲೈನ್ ಎಂಬ ಬೆಟ್ಟದಂಚಿನ ದಾರಿಯ ನೋಟ ಬಹಳ ಸುಂದರ, ಆದರೆ ಕೆಳಭಾಗ ಕಡಿದು. ಸಂಜೆಯಾಗುತ್ತಿದ್ದಂತೆ ಮಂಜುಗಡ್ಡೆ ಕಟ್ಟುತ್ತದೆ. ಹೊಸಬರು ಅಲ್ಲಿಗೆ ಹೋಗಬಾರದು. ಕಾಲು ಸೋತರೆ ಗೊಂಡೊಲಾದಲ್ಲೇ ಇಳಿಯಬಹುದು, ಅದಕ್ಕೆ ನಾಚಿಕೆ ಬೇಡ.

ಜಾಕೆಟ್, ಪ್ಯಾಂಟ್, ಸ್ಕೀ, ಬೂಟು ಎಲ್ಲವೂ ಅಲ್ಲೇ ಬಾಡಿಗೆಗೆ ಸಿಗುತ್ತವೆ. ಮನೆಯಿಂದ ಒಯ್ಯಬೇಕಾದ್ದು ಗ್ಲೌಸ್, ಹಿಮದ ಕನ್ನಡಕ (ಗಾಗಲ್ಸ್), ಉಣ್ಣೆ ಅಥವಾ ಪಾಲಿಯೆಸ್ಟರ್ ಒಳ ಉಡುಪು. ಹತ್ತಿ ಬನಿಯನ್ ಬೆವರು ಹಿಡಿದಿಟ್ಟು, ನಿಂತ ಕೂಡಲೇ ಮೈ ಕೊರೆಯುತ್ತದೆ. ಚಳಿಯೆಂದು ಎರಡು ಜೊತೆ ಕಾಲುಚೀಲ ಹಾಕುವುದು ಇನ್ನೊಂದು ತಪ್ಪು: ಬೂಟಿನೊಳಗೆ ರಕ್ತ ಓಡದೆ ಕಾಲು ಮತ್ತಷ್ಟು ಮರಗಟ್ಟುತ್ತದೆ. ಒಂದೇ ಜೊತೆ, ಮೊಣಕಾಲಿನವರೆಗಿನದು. ನೆಟ್ಟಗೆ ನಿಂತಾಗ ಬೆರಳ ತುದಿ ಬೂಟಿಗೆ ತಾಗಬೇಕು, ಮಂಡಿ ಬಾಗಿಸಿದಾಗ ಸ್ವಲ್ಪ ಹಿಂದೆ ಸರಿಯಬೇಕು. ಅಂಗಡಿಯವರು ತೂಕ ಕೇಳಿದಾಗ ನಿಜ ಹೇಳಿ. ಬಿದ್ದಾಗ ಸ್ಕೀ ಕಳಚಿಕೊಳ್ಳುವ ಬಿಗಿಯನ್ನು ಆ ಲೆಕ್ಕದಲ್ಲೇ ಕೂರಿಸುತ್ತಾರೆ. ತೆಂಗಿನೆಣ್ಣೆಯನ್ನು ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ. ತುಟಿ, ಹಿಮ್ಮಡಿ ಒಡೆಯುವಾಗ ಬೇಕೇ ಬೇಕು, ಬಾಟಲಿಯಲ್ಲಿ ಗಟ್ಟಿಯಾದರೆ ಹೊರಗೇ ಬರುವುದಿಲ್ಲ.

ಈ ಊರನ್ನು ಬೇರೆ ಸ್ಕೀ ಊರುಗಳಿಗಿಂತ ಮೇಲೆ ಇಡುವುದು ಸ್ನಾನ. ಊರವರೇ ನೋಡಿಕೊಳ್ಳುವ 13 ಬಿಸಿನೀರ ಸ್ನಾನಗೃಹಗಳಿವೆ, ಪ್ರವೇಶ ಉಚಿತ. ಪೆಟ್ಟಿಗೆಗೆ ನಾಣ್ಯ ಹಾಕುವುದು ಮರ್ಯಾದೆ. ಬಟ್ಟೆಯಿಲ್ಲದೆ ಇಳಿಯಬೇಕು, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ. ಮೊದಲು ಹೊರಗೆ ಕೂತು, ನಮ್ಮ ಬಚ್ಚಲಿನಲ್ಲಿ ಹಂಡೆಯಿಂದ ಮೊಗೆದು ಹೊಯ್ದುಕೊಳ್ಳುವ ಹಾಗೆ ಮೈ ತೊಳೆದುಕೊಳ್ಳಬೇಕು. ತೊಟ್ಟಿಯೊಳಗೆ ಸಾಬೂನು, ಟವೆಲ್ ಬರಕೂಡದು. ನೀರು ವಿಪರೀತ ಬಿಸಿ. ತಣ್ಣೀರ ನಳ್ಳಿ ತಿರುಗಿಸುವ ಮುಂಚೆ ಒಳಗಿರುವವರನ್ನು ಕೇಳಿ. ಗಂಧಕದ ನೀರಿಗೆ ಬೆಳ್ಳಿ ಕಪ್ಪಾಗುತ್ತದೆ, ಉಡಿದಾರ, ಉಂಗುರ ಕೋಣೆಯಲ್ಲೇ ಬಿಡಿ. ಓಗಾಮಾ ಎಂಬ ಬುಗ್ಗೆಯ ನೀರು ಸುಮಾರು 90 ಡಿಗ್ರಿ. ಊರವರು ನೊಜಾವಾನಾ ಸೊಪ್ಪು ಬೇಯಿಸುವ ಜಾಗವದು, ಬೇಲಿಯ ಹೊರಗಿನಿಂದ ನೋಡಬಹುದು.

ಸಸ್ಯಾಹಾರಿಗಳಿಗೆ ಊಟದ ವಿಷಯದಲ್ಲಿ ಅಂಕ ಕಡಿಮೆ. ಸೋಬಾ ಎಂಬ ಶ್ಯಾವಿಗೆಯ ಸಾರಿಗೂ ಮಿಸೊ (ಹುದುಗಿಸಿದ ಸೋಯಾ) ಸೂಪಿಗೂ ಸಾಮಾನ್ಯವಾಗಿ ದಾಶಿ ಎಂಬ ಒಣಮೀನಿನ ತಿಳಿಯೇ ಆಧಾರ, ಬೋಗುಣಿಯಲ್ಲಿ ಮೀನು ಕಾಣದಿದ್ದರೂ. ಕೆಂಪು ಅವರೆಯ ಹೂರಣ ತುಂಬಿದ ಓಯಾಕಿ, ಮಂಜೂ ಎಂಬ ಹಬೆಯ ಸಿಹಿತಿಂಡಿ ಹೊಟ್ಟೆ ತುಂಬಿಸುತ್ತವೆ. ಅವಲಕ್ಕಿ, ಚಟ್ನಿಪುಡಿ ಜೊತೆಗಿರಲಿ. ಹಸಿ ಕರಿಬೇವು, ಹಸಿಮೆಣಸು, ಹಣ್ಣು ಬೇಡ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ.

ಒತ್ತೆಕೋಲದ ಬೆಂಕಿ ನೋಡಿ ಬೆಳೆದವರು ಜನವರಿ 15ರ ದೋಸೊಜಿನ್ ಬೆಂಕಿ ಹಬ್ಬ ತಪ್ಪಿಸಬಾರದು. ಮರದಲ್ಲಿ ಕಟ್ಟಿದ ಗುಡಿಯನ್ನು ಉರಿಯುವ ಪಂಜುಗಳಿಂದ ಊರವರು ಮುತ್ತುತ್ತಾರೆ, 25 ಮತ್ತು 42ರ ವಯಸ್ಸಿನ ಗಂಡಸರು ಕಾಯುತ್ತಾರೆ. ಆ ವಾರಕ್ಕೆ ಕೋಣೆ ತಿಂಗಳುಗಳ ಮೊದಲೇ ಹಿಡಿದಿಡಬೇಕು. ಕಿಡಿ ಹಾರುವುದರಿಂದ ಬಾಡಿಗೆ ಜಾಕೆಟ್ ತೊಟ್ಟು ಹತ್ತಿರ ಹೋಗಬೇಡಿ.

ಬೀದಿಗಳು ಕಡಿದು, ಜಾರುತ್ತವೆ. ದೊಡ್ಡ ಪೆಟ್ಟಿಗೆ ಎಳೆದುಕೊಂಡು ಹೋಗುವುದು ಸಾಹಸವೇ. ಹೊರಡುವ ಎರಡು ದಿನ ಮೊದಲೇ ವಸತಿಗೃಹದಲ್ಲಿ ತಕುಹೈಬಿನ್ ಎಂಬ ಸಾಮಾನು ಸಾಗಣೆ ಸೇವೆಗೆ ಕೊಟ್ಟರೆ ಪೆಟ್ಟಿಗೆ ನಿಮಗಿಂತ ಮೊದಲು ನರಿತಾದಲ್ಲಿರುತ್ತದೆ.