ಡಿಸ್ಕ್ ತುಂಬಿದ ಸಣ್ಣ ಲ್ಯಾಪ್‌ಟಾಪ್‌ಗೆ ವಿಂಡೋಸ್‌ನ 'ಕಾಂಪ್ಯಾಕ್ಟ್' ಕಮಾಂಡ್

32 ಜಿಬಿ ಸ್ಟೋರೇಜಿನ ಲ್ಯಾಪ್‌ಟಾಪ್ ಇಟ್ಟುಕೊಂಡವರು ಫೈಲುಗಳನ್ನು ಕುಗ್ಗಿಸಿ ಜಾಗ ಉಳಿಸುವ ಈ ಕಮಾಂಡನ್ನು ಒಮ್ಮೆ ಬಳಸಿ ನೋಡಲೇಬೇಕು. ದುಡ್ಡು ಕೊಡಬೇಕಿಲ್ಲ, ಏನೂ ಡೌನ್‌ಲೋಡ್ ಮಾಡಬೇಕಿಲ್ಲ, ವಿಂಡೋಸ್ ಒಳಗೇ ಇದೆ. ನಾನು ಬಳಸಿದ್ದು ತಂಗಿಯ ಲ್ಯಾಪ್‌ಟಾಪ್‌ನಲ್ಲಿ. ಅದರ ಸ್ಟೋರೇಜ್ ಬೋರ್ಡ್‌ಗೇ ಬೆಸುಗೆ ಹಾಕಿರುವ ಇಎಂಎಂಸಿ ಚಿಪ್, ಬಿಚ್ಚಿ ದೊಡ್ಡದು ಹಾಕಿಸೋಣ ಅಂದರೆ ಆಗುವುದಿಲ್ಲ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ನಮ್ಮೂರಲ್ಲಿ ಮಳೆಗಾಲದ ನೆಟ್‌ವರ್ಕ್ ನಂಬಿಕೊಂಡು ಎಲ್ಲವನ್ನೂ ಕ್ಲೌಡ್‌ಗೆ ಹಾಕುವುದಂತೂ ದೂರದ ಮಾತು.

ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. 'ಕಾಂಪ್ಯಾಕ್ಟ್' ಅಂತ ಬರೆದು, ಸ್ಪೇಸ್ ಬಿಟ್ಟು, ಸ್ಲ್ಯಾಶ್, 'ಕಾಂಪ್ಯಾಕ್ಟ್‌ಓಎಸ್', ಕೋಲನ್, 'ಆಲ್ವೇಸ್' ಹಾಕಿ (compact /compactos:always) ಎಂಟರ್ ಒತ್ತಿ. ಇದು ವಿಂಡೋಸ್ 10ರಲ್ಲಿ ಬಂದ ಸೌಲಭ್ಯ, ವಿಂಡೋಸ್‌ನ ಸ್ವಂತ ಫೈಲುಗಳನ್ನು ಕುಗ್ಗಿಸುತ್ತದೆ. ಒಂದೆರಡು ಜಿಬಿ ಸಿಗುತ್ತದೆ. ಕಡಿಮೆ ಅನ್ನಿಸಬಹುದು, ಆದರೆ ಅಪ್‌ಡೇಟ್‌ಗೆ ಜಾಗ ಇಲ್ಲ ಅಂತ ಕೂತಿರುವ ಯಂತ್ರಕ್ಕೆ ಅದೇ ಜೀವ ಅಲ್ವಾ? ಬೇಡ ಅನ್ನಿಸಿದರೆ 'ಆಲ್ವೇಸ್' ಜಾಗದಲ್ಲಿ 'ನೆವರ್' ಅಂತ ಕೊಟ್ಟರೆ ಮೊದಲಿನ ಹಾಗೇ ಆಗುತ್ತದೆ.

ನನಗೆ ಜಾಸ್ತಿ ಇಷ್ಟವಾಗಿದ್ದು ಬೇಕಾದ ಫೋಲ್ಡರನ್ನು ಮಾತ್ರ ಆರಿಸಿ ಕುಗ್ಗಿಸುವ ದಾರಿ. ಇದೇ ಕಮಾಂಡಿನ 'ಇಎಕ್ಸ್‌ಇ' ಆಯ್ಕೆಯ ಜೊತೆ ಎಕ್ಸ್‌ಪ್ರೆಸ್‌4ಕೆ, 8ಕೆ, 16ಕೆ, ಎಲ್‌ಝಡ್‌ಎಕ್ಸ್ ಅಂತ ನಾಲ್ಕು ವಿಧಾನ ಇವೆ. ಎಲ್‌ಝಡ್‌ಎಕ್ಸ್ ಎಲ್ಲಕ್ಕಿಂತ ಗಟ್ಟಿಯಾಗಿ ಕುಗ್ಗಿಸುತ್ತದೆ, ನಿಧಾನವೂ ಅದೇ. ಪ್ರೋಗ್ರಾಂ ಫೋಲ್ಡರಿಗೆ ಒಳ್ಳೆಯದು, ಯಾಕೆಂದರೆ ಅಲ್ಲಿಯ ಫೈಲುಗಳನ್ನು ಓದುವುದೇ ಹೆಚ್ಚು, ಬದಲಾಯಿಸುವುದು ಕಡಿಮೆ. ಹೀಗೆ ಕುಗ್ಗಿಸಿದ ಫೈಲನ್ನು ತಿದ್ದಿ ಸೇವ್ ಮಾಡಿದರೆ ಅದು ಮತ್ತೆ ಹಿಗ್ಗಿಬಿಡುತ್ತದೆ. ಹಾಗಾಗಿ ದಿನಾ ತಿದ್ದುವ ತೋಟದ ಲೆಕ್ಕಕ್ಕೆ ಎಲ್‌ಝಡ್‌ಎಕ್ಸ್ ಹಾಕುವುದು ಸುಮ್ನೆ ದಂಡ. ಅಲ್ಲಿಗೆ 'ಇಎಕ್ಸ್‌ಇ' ಇಲ್ಲದೆ, 'ಕಾಂಪ್ಯಾಕ್ಟ್' ಮುಂದೆ ಬರೀ ಸ್ಲ್ಯಾಶ್ ಸಿ ಸಾಕು. ಅದು ಎನ್‌ಟಿಎಫ್‌ಎಸ್‌ನ (ವಿಂಡೋಸ್ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಹಳೇ ಕಂಪ್ರೆಷನ್, 1995ರ ವಿಂಡೋಸ್ ಎನ್‌ಟಿ 3.51ರಿಂದ ಇದೆ.

ಹಳೇ ನುಡಿ ಕಡತ, ವರ್ಡ್‌ನ ಹಳೇ ಡಾಕ್ ಫೈಲು, ಬಿಎಂಪಿ ಸ್ಕ್ಯಾನು, ಇವೆಲ್ಲ ಚೆನ್ನಾಗಿ ಕುಗ್ಗುತ್ತವೆ. ಮದುವೆ ವಿಡಿಯೋ, ಜೆಪಿಜಿ ಫೋಟೋ, ಎಂಪಿ3 ಮೇಲೆ ಪ್ರಯೋಗ ಮಾಡಿ ಟೈಮ್ ಹಾಳು ಮಾಡಬೇಡಿ, ಅವು ಮೊದಲೇ ಕುಗ್ಗಿರುತ್ತವೆ. ಈಗಿನ ಎಕ್ಸೆಲ್ ಫೈಲೂ ಒಳಗೆ ಜಿಪ್ಪೇ. ಫೋಲ್ಡರ್ ಪ್ರಾಪರ್ಟೀಸ್‌ನಲ್ಲಿ 'ಸೈಜ್' ಮತ್ತು 'ಸೈಜ್ ಆನ್ ಡಿಸ್ಕ್' ಎರಡನ್ನೂ ಹೋಲಿಸಿ, ಎಷ್ಟು ಉಳಿಯಿತು ಅಂತ ಅಲ್ಲೇ ಕಾಣುತ್ತದೆ.

ಸಿ ಡ್ರೈವ್ ಪೂರ್ತಿ ಒಂದೇ ಏಟಿಗೆ ಕುಗ್ಗಿಸಲು ಹೋಗಬೇಡಿ. ಹಳೇ ಯಂತ್ರಗಳಲ್ಲಿ 'ಬೂಟ್‌ಎಂಜಿಆರ್ ಈಸ್ ಕಂಪ್ರೆಸ್ಡ್' ಅಂತ ಬಂದು ವಿಂಡೋಸ್ ಏಳದೇ ಹೋಗಬಹುದು. ಬ್ಯಾಕಪ್ ಇರಲಿ, ಬ್ಯಾಟರಿ ಫುಲ್ ಇರಲಿ, ನಮ್ಮಲ್ಲಿ ಜುಲೈನಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳುವ ಹಾಗಿಲ್ಲ. ಪೆನ್‌ಡ್ರೈವ್ ಮೇಲೂ ಮಾಡಬೇಕು ಅನ್ನುವವರು ಅದರ ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಫ್ಯಾಟ್32, ಎಕ್ಸ್‌ಫ್ಯಾಟ್ ಮೇಲೆ ಈ ಕಮಾಂಡ್ ನಡೆಯುವುದಿಲ್ಲ.