ಸ್ಟಾರ್ ವಾರ್ಸ್ ಹೆಸರುಗಳ ಹಿಂದಿನ ಕಥೆ ಬೇಕಾ? ಈ ಪುಸ್ತಕ ತರಿಸಿಕೊಳ್ಳಿ

ಸ್ಟಾರ್ ವಾರ್ಸ್ ಪಾತ್ರಗಳಿಗೆ ಆ ಹೆಸರುಗಳು ಹೇಗೆ ಬಂದವು ಅಂತ ಹೇಳುವ ವಿಡಿಯೋಗಳು ಬೇಕಾದಷ್ಟಿವೆ. ಒಬ್ಬರು ಹೇಳಿದ್ದನ್ನೇ ಇನ್ನೊಬ್ಬರು ಹೇಳುತ್ತಾರೆ. ಅದೆಲ್ಲ ಬಿಟ್ಟು ಜೆ. ಡಬ್ಲ್ಯು. ರಿನ್ಜ್ಲರ್ ಅವರ 'ದಿ ಮೇಕಿಂಗ್ ಆಫ್ ಸ್ಟಾರ್ ವಾರ್ಸ್' ಓದಿ. 2007ರಲ್ಲಿ, ಮೊದಲ ಸ್ಟಾರ್ ವಾರ್ಸ್ ಸಿನಿಮಾಗೆ 30 ವರ್ಷ ತುಂಬಿದಾಗ ಬಂದ ಪುಸ್ತಕ ಇದು. ರಿನ್ಜ್ಲರ್ ಆ ಸಿನಿಮಾ ತಯಾರಿಸಿದ ಲ್ಯೂಕಸ್‌ಫಿಲ್ಮ್ ಕಂಪನಿಯಲ್ಲೇ ಕೆಲಸ ಮಾಡುತ್ತಿದ್ದವರು. 1970ರ ದಶಕದಲ್ಲಿ ಸಿನಿಮಾದ ಪ್ರಚಾರ ನೋಡಿಕೊಳ್ಳುತ್ತಿದ್ದ ಚಾರ್ಲ್ಸ್ ಲಿಪಿನ್‌ಕಾಟ್ ಮಾಡಿಟ್ಟಿದ್ದ ಸಂದರ್ಶನಗಳನ್ನು ಹುಡುಕಿ ತೆಗೆದು, ಅವನ್ನೇ ಆಧಾರ ಮಾಡಿಕೊಂಡು ಬರೆದಿದ್ದಾರೆ. ಅದರಲ್ಲಿ ಎಷ್ಟೋ ಮಾತುಗಳು ಸಿನಿಮಾ ಬಿಡುಗಡೆಗೂ ಮೊದಲೇ ಆಡಿದ್ದು.

ನನಗೆ ತುಂಬಾ ಹಿಡಿಸಿದ್ದು ಸ್ಕ್ರಿಪ್ಟ್‌ನ ಒಂದೊಂದು ಕರಡನ್ನೂ ಬಿಡಿಸಿ ತೋರಿಸುವ ರೀತಿ. ಸಿನಿಮಾ ಬರೆದು ನಿರ್ದೇಶಿಸಿದ ಜಾರ್ಜ್ ಲ್ಯೂಕಸ್ ಮೊದಲು ಹೆಸರುಗಳ ಪಟ್ಟಿ ಬರೆದುಕೊಂಡಿದ್ದರು, ಆಮೇಲೆ ಆ ಹೆಸರುಗಳಿಗೆ ಪಾತ್ರ ಹುಡುಕಿದರು. 1974ರ ಕರಡಿನಲ್ಲಿ ಲ್ಯೂಕ್ ಸ್ಕೈವಾಕರ್ ವಯಸ್ಸಾದ ಜನರಲ್, ಕಥಾನಾಯಕ ಹುಡುಗನ ಹೆಸರು ಅನಿಕಿನ್ ಸ್ಟಾರ್‌ಕಿಲ್ಲರ್, ಹಾನ್ ಸೋಲೋ ಅಂದರೆ ಹಸಿರು ಚರ್ಮದ, ಕಿವಿರು ಇರುವ ಅನ್ಯಗ್ರಹ ಜೀವಿ! ಮುಂದೆ ಹುಡುಗ ಲ್ಯೂಕ್ ಸ್ಟಾರ್‌ಕಿಲ್ಲರ್ ಆದ. 1976ರ ಮಾರ್ಚ್‌ನಲ್ಲಿ ಟುನೀಷಿಯಾದಲ್ಲಿ ಶೂಟಿಂಗ್ ಶುರುವಾದಾಗಲೂ ಅದೇ ಹೆಸರು. ಕೇಳಿದವರಿಗೆ ಕೊಲೆಗಾರ ಚಾರ್ಲ್ಸ್ ಮ್ಯಾನ್ಸನ್ ನೆನಪಾಗಬಾರದು ಅಂತ ಲ್ಯೂಕಸ್ ಅದನ್ನು ಸ್ಕೈವಾಕರ್ ಮಾಡಿದರು. 1973ರಲ್ಲಿ ಬರೆದ ಮೊದಲ ಟಿಪ್ಪಣಿಯಲ್ಲೇ ಮೇಸ್ ವಿಂಡಿ ಅಂತ ಒಬ್ಬ ಇದ್ದ. ಅವನು ಮೇಸ್ ವಿಂಡು ಅನ್ನುವ ಪಾತ್ರವಾಗಿ ತೆರೆಗೆ ಬಂದಿದ್ದು 1999ರ ಸ್ಟಾರ್ ವಾರ್ಸ್ ಸಿನಿಮಾದಲ್ಲಿ.

ಖಳನಾಯಕ ಡಾರ್ತ್ ವೇಡರ್ ವಿಷಯಕ್ಕಂತೂ ಈ ಕರಡುಗಳನ್ನು ನೋಡಲೇಬೇಕು. ಡಚ್ ಭಾಷೆಯಲ್ಲಿ 'vader' ಅಂದರೆ ತಂದೆ, ಹಾಗಾಗಿ ಹೆಸರಲ್ಲೇ 'ತಂದೆ' ಅಡಗಿದ್ದಾನೆ ಅಂತ ಎಲ್ಲರೂ ಹೇಳ್ತಾರೆ, ಲ್ಯೂಕಸ್ ಕೂಡ ಹಾಗೇ ಹೇಳಿದ್ದುಂಟು. ಆದರೆ 1974ರ ಕರಡಿನ ವೇಡರ್ ಸಾಮ್ರಾಜ್ಯದ ಒಬ್ಬ ಸಾಮಾನ್ಯ ಜನರಲ್, ಯಾರ ಅಪ್ಪನೂ ಅಲ್ಲ. ಅವನೇ ಲ್ಯೂಕ್‌ನ ಅಪ್ಪ ಅನ್ನೋದು ಸ್ಕ್ರಿಪ್ಟ್‌ಗೆ ಬಂದಿದ್ದು 1978ರಲ್ಲಿ, ಎರಡನೇ ಸಿನಿಮಾ ಬರೆಯುವಾಗ. ಹಾಗಾಗಿ ಹೆಸರು ಮೊದಲು, ಅರ್ಥ ಆಮೇಲೆ ಅಂತಲೇ ನನ್ನ ಅಭಿಪ್ರಾಯ.

ಇನ್ನು ಕೆಲವು ಹೆಸರುಗಳು ಎಡಿಟಿಂಗ್ ರೂಮಿನಲ್ಲೇ ಹುಟ್ಟಿದವು. ಲ್ಯೂಕಸ್ ಅವರ ಹಿಂದಿನ ಸಿನಿಮಾ 'ಅಮೆರಿಕನ್ ಗ್ರಫೀಟಿ'ಯ ಸೌಂಡ್ ಕೆಲಸ ನಡೆಯುವಾಗ ರೀಲ್ 2, ಡೈಲಾಗ್ 2 ಬೇಕಾಗಿ 'ಆರ್ ಟೂ ಡೀ ಟೂ' ಅಂತ ಕೇಳಿದ್ದು ಲ್ಯೂಕಸ್ ಕಿವಿಗೆ ಬಿತ್ತು, ಬರೆದಿಟ್ಟುಕೊಂಡರು. ಅದೇ ಪುಟ್ಟ ರೋಬೋಟ್ R2-D2 ಹೆಸರಾಯಿತು. ಅದಕ್ಕೂ ಮೊದಲು, 1971ರ ಅವರ 'ಟಿಎಚ್‌ಎಕ್ಸ್ 1138' ಸಿನಿಮಾಗೆ ದನಿ ಕೊಡುವಾಗ ಟೆರಿ ಮೆಕ್‌ಗವರ್ನ್ ತಮ್ಮ ಗೆಳೆಯನ ಹೆಸರನ್ನೇ ಸುಮ್ನೆ ಸೇರಿಸಿ 'ವೂಕಿ' ಅಂದಿದ್ದರು. ಕಾರಿನಲ್ಲಿ ಲ್ಯೂಕಸ್ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ 'ಇಂಡಿಯಾನಾ' ಅನ್ನುವ ಅವರ ನಾಯಿಯೇ ಮೈತುಂಬ ಕೂದಲಿರುವ ವೂಕಿ ಜಾತಿಯ ಚ್ಯೂಬಾಕಾ ಪಾತ್ರಕ್ಕೆ ಸ್ಫೂರ್ತಿ ಆಯಿತು. ನಾಯಿಯ ಹೆಸರು ಮುಂದೆ ಲ್ಯೂಕಸ್ ಅವರ ಇನ್ನೊಂದು ಸಿನಿಮಾ ಸರಣಿಯ ನಾಯಕ ಇಂಡಿಯಾನಾ ಜೋನ್ಸ್‌ಗೆ ಹೋಯಿತು.

ಕೊರತೆಗಳೂ ಇವೆ. ಪುಸ್ತಕ ದೊಡ್ಡದು, ಭಾರ ಜಾಸ್ತಿ, ಮಲಗಿಕೊಂಡು ಓದೋಕೆ ಆಗಲ್ಲ. ಸಿನಿಮಾ ತಯಾರಾದ ಕ್ರಮದಲ್ಲೇ ಕಥೆ ಸಾಗುವುದರಿಂದ ಹೆಸರುಗಳ ವಿಷಯ ಅಲ್ಲಲ್ಲಿ ಚದುರಿದೆ. ಬರೀ ಅದಕ್ಕಾಗಿ ಕೊಳ್ಳುವವರು ಬಜೆಟ್, ಸ್ಟುಡಿಯೋ ಜಗಳದ ಪುಟಗಳನ್ನೂ ದಾಟಬೇಕು (ನನಗೆ ಅವೂ ಇಷ್ಟವಾದವು). ಮುಂದಿನ ಸಿನಿಮಾಗಳಲ್ಲಿ ಬರುವ ಯೋಡಾ, ಇವಾಕ್‌ಗಳ ಹೆಸರು ಇಲ್ಲಿ ಹುಡುಕಬೇಡಿ. ರಿನ್ಜ್ಲರ್ ಅವರೇ ಆ ಎರಡು ಸಿನಿಮಾಗಳ ಬಗ್ಗೆ 2010 ಮತ್ತು 2013ರಲ್ಲಿ ಬೇರೆ ಪುಸ್ತಕ ತಂದಿದ್ದಾರೆ. 2015ರ ಸ್ಟಾರ್ ವಾರ್ಸ್ ಸಿನಿಮಾದ ಸೈನಿಕ ಫಿನ್ ಬಗ್ಗೆ ಕೇಳುವವರಿಗೂ ಇದರಲ್ಲಿ ಉತ್ತರ ಇಲ್ಲ. ಅವನ ಎಫ್‌ಎನ್-2187 ಅನ್ನುವ ಹೆಸರಿನಲ್ಲಿರುವ 2187, ಮೊದಲ ಸಿನಿಮಾದಲ್ಲಿ ರಾಜಕುಮಾರಿ ಲಿಯಾಳನ್ನು ಕೂಡಿಹಾಕಿದ್ದ ಕೋಣೆಯ ನಂಬರು. ಆ ಕೋಣೆಯ ನಂಬರು ಬಂದಿದ್ದು ಲ್ಯೂಕಸ್ ಮೆಚ್ಚಿದ ಆರ್ಥರ್ ಲಿಪ್ಸೆಟ್ ಅವರ '21-87' ಅನ್ನುವ ಕಿರುಚಿತ್ರದಿಂದ.

ಅಚ್ಚಾದ ಪ್ರತಿಗೆ ದುಡ್ಡು ಜಾಸ್ತಿ ಅನ್ನಿಸಿದರೆ ಇ-ಪುಸ್ತಕ ಇದೆ, ಆಡಿಯೋ ವಿಡಿಯೋ ತುಣುಕುಗಳೂ ಸೇರಿದ ಆವೃತ್ತಿ ಅದು. ಮೂರರಲ್ಲಿ ಒಂದನ್ನೇ ಕೊಳ್ಳೋದಾದರೆ ಇದನ್ನೇ ಕೊಳ್ಳಿ, ಹೆಸರುಗಳು ಅತ್ತಿಂದಿತ್ತ ಓಡಾಡಿದ್ದು ಇದರಲ್ಲೇ ಜಾಸ್ತಿ.